ಅತ್ತೆಯ ಬೆಳ್ಳಿ ಕಣ್ಣು

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ನಾನು ಕಂಪ್ಲಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಮ್ಮತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಒಲೆ ಮುಂದೆ ಕೂತರೂ ಉರಿ ಮಾತ್ರ ಮಸುಕಾಗಿ ಕಾಣುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಮದ್ರಾಸಿನ ವೈದ್ಯರ ಕಾಲೇಜಿನಿಂದ ಕಣ್ಣಿನ ಡಾಕ್ಟರೊಬ್ಬರು ಹೊಸಪೇಟೆಯ ಆಸ್ಪತ್ರೆಗೆ ಬಂದಿದ್ದಾರೆಂದು ಸುದ್ದಿ ಬಂತು. ಅತ್ತೆಯದು ಒಂದೇ ಹಟ: ಕಣ್ಣಿಗೆ ಕತ್ತಿ ತಾಗುವ ಮೊದಲು ಹಂಪಿಯ ಪಂಪಮ್ಮನಿಗೆ ಹರಕೆಯ ಬೆಳ್ಳಿ ಕಣ್ಣು ಒಪ್ಪಿಸಬೇಕು. ಆ ಜೋಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಗಾಡಿ ಹತ್ತಿದರು. ಹೊಸಪೇಟೆ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಹಂಪಿಗೆ ಹೋಗಿಬರೋಣವೆಂದರೆ ಅಲ್ಲಿನ ಕಾಂಪೌಂಡರ್ ಬೇರೆಯೇ ಹೇಳಿದ.

"ಕೊಯ್ಯಾಕ ಇವತ್ತ ಕಡೀ ದಿನಾರಿ. ಮುಂದ ಎಂಟ್ ದಿನ ಪಟ್ಟಿ ಬಿಚ್ಚಿ ನೋಡೋದಷ್ಟ. ಹಂಪಿಗೆ ಹೋಗಿ ಬರಾಕ ಆಗಂಗಿಲ್ಲ."

ಅತ್ತೆ ಅಲ್ಲೇ ಕುಕ್ಕರಿಸಿದರು. "ಹಂಗಾದ್ರ ನನಗ ಕಣ್ಣ ಬ್ಯಾಡ."

ನನಗೆ ದಿಕ್ಕೇ ತೋಚಲಿಲ್ಲ. ಅವರಿಗೆ ನೀರು ತರಲೆಂದು ಎದ್ದವಳು ಪಕ್ಕದ ಕೋಣೆಗೆ ಇಣುಕಿದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬೆಳ್ಳಿ ಕಣ್ಣು, ಹಿತ್ತಾಳೆಯ ಕೈ, ಕಾಲುಗಳನ್ನು ಸಾಲಾಗಿ ಇಟ್ಟಿದ್ದರು. ಗೋಡೆಗೆ ಒಂದು ಹಳೆಯ ಪಟ. ಹೆಂಗಸಿನ ರೂಪ, ಹೊಟ್ಟೆ ತೆರೆದಿದೆ, ಒಳಗೆಲ್ಲ ಕೆಂಪು. ಯಾವುದೋ ಉಗ್ರದೇವಿ ಎಂದುಕೊಂಡು ಗಲ್ಲ ಗಲ್ಲ ಬಡಿದುಕೊಂಡೆ.

"ಅತ್ತೀ, ಜಲ್ದಿ ಬರ್ರಿ! ಅಮ್ಮ ಇಲ್ಲೇ ಅದಾಳ. ಮಂದಿ ಕಣ್ಣು ಒಪ್ಪಿಸ್ಯಾರ."

ಅತ್ತೆ ತಡವರಿಸುತ್ತ ಬಂದು ತಮ್ಮ ಜೋಡಿಯನ್ನು ಮೇಜಿನ ಮೇಲಿಟ್ಟು ಅಡ್ಡಬಿದ್ದರು. ಅಷ್ಟರಲ್ಲಿ ಡಾಕ್ಟರೂ ಕಾಂಪೌಂಡರನೂ ಒಳಗೆ ಬಂದರು. ಕಾಂಪೌಂಡರ್ ಬಿದ್ದು ಬಿದ್ದು ನಕ್ಕ.

"ಏನವ್ವಾ, ಇದು ಗುಡಿ ಅಲ್ಲ. ಡಾಕ್ಟರು ಸಂಡೂರು ಕಡೆ ತಿರುಗಿ ಕೂಡಿಸಿದ ಹಳೇ ಹರಕಿ ಸಾಮಾನು. ಕಾಲೇಜಿನಾಗ ಗಾಜಿನ ಬೀರುದಾಗ ಇಡ್ತಾರ. ಆ ಪಟ ಹುಡುಗ್ರಿಗೆ ಹೊಟ್ಟಿ ಒಳಗಿಂದು ಕಲಿಸೋದು!"

ನಾಚಿಕೆಯಿಂದ ಕುಗ್ಗಿಹೋದೆ. ಡಾಕ್ಟರು ಬೆಳ್ಳಿ ಕಣ್ಣನ್ನು ವಾಪಸ್ಸು ಕೊಡಲು ಬಂದರೆ ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಒಪ್ಪಿಸಿದ್ದು ಒಪ್ಪಿಸಿದ್ದ. ನಾ ತಿರುಗಿ ಮುಟ್ಟಂಗಿಲ್ಲ."

ಡಾಕ್ಟರಿಗೆ ಕನ್ನಡ ಬಾರದು. ಕಾಂಪೌಂಡರ್ ತೆಲುಗಿನಲ್ಲಿ ಹೇಳಿದಷ್ಟೂ ಅವರ ಮುಖದಲ್ಲಿ ಗೊಂದಲ ಹೆಚ್ಚಿತು. ಕೊನೆಗೆ, ಹರಕೆ ಮುಟ್ಟಿತೋ ಇಲ್ಲವೋ ಕೇಳು ಎಂದರಂತೆ.

"ನನಗೇನ್ ಗೊತ್ತು? ನನ್ನ ಕೈ ಅಂತೂ ಖಾಲಿ ಆತು. ಕೊಯ್ಯಿರಿ," ಎಂದರು ಅತ್ತೆ.

ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ನನ್ನ ಮಾತು ಕೇಳಿ ಇವರು ಪೂರ್ತಿ ಕುರುಡಾದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಒಳಗೊಳಗೇ ಕಣ್ಣೀರು ಹಾಕಿದೆ.

ಪಟ್ಟಿ ಬಿಚ್ಚಿದರು. ಬಲಗಣ್ಣು ಕಂಡಿತು. ಎಡಗಣ್ಣು ಕಾಣಲಿಲ್ಲ. ಡಾಕ್ಟರು ತಲೆತಗ್ಗಿಸಿ ನಿಂತರು. ಅತ್ತೆ ಅವರನ್ನು ಒಂದೇ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟರು.

"ಬಲಗಣ್ಣು ಇವ್ರು ಕೊಟ್ರು, ಅದರ ಬೆಳ್ಳಿ ಇವ್ರ ಹತ್ರ ಇರ್ಲಿ. ಎಡಗಣ್ಣು ಇವ್ರ ಕೈಲಿ ಆಗ್ಲಿಲ್ಲ. ಅದರ ಬೆಳ್ಳಿ ಪಂಪಮ್ಮಗ ಕೊಡೋಣು. ನಾ ಮುಟ್ಟಂಗಿಲ್ಲ, ನೀ ಹಿಡ್ಕೋ."

ಹಂಪಿಯಲ್ಲಿ ಪೂಜಾರಿ ಒಂಟಿ ಕಣ್ಣನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಜೋಡಿ ಎಲ್ಲೈತಿ ತಾಯಿ?" ಎಂದ.

"ಮದ್ರಾಸಿನಾಗ," ಎಂದರು ಅತ್ತೆ, ಭಾಳ ದೊಡ್ಡಸ್ತಿಕೆಯಿಂದ.

ಅವರ ಎಡಗಣ್ಣು ಕೊನೆಯವರೆಗೂ ಕಾಣಲಿಲ್ಲ. ಬಲಗಣ್ಣಿನಲ್ಲಿ ನನ್ನ ಮೂರೂ ಮಕ್ಕಳ ಮುಖ ನೋಡಿದರು. ಅವತ್ತು ನಾನು ಮಾಡಿದ್ದು ತಪ್ಪೋ ಪುಣ್ಯವೋ, ಇವತ್ತಿಗೂ ತಿಳಿದಿಲ್ಲ. ಯಾರಿಗೆ ಋಣಿ ಎಂದು ಗೊತ್ತಾಗದೆ, ಬೆಳಿಗ್ಗೆ ಎದ್ದು ಹಂಪಿ ಕಡೆಗೆ ಒಮ್ಮೆ, ಮದ್ರಾಸಿನ ಕಡೆಗೆ ಒಮ್ಮೆ ಕೈ ಮುಗಿಯುತ್ತೇನೆ. ಮದ್ರಾಸು ಯಾವ ದಿಕ್ಕಿಗಿದೆಯೆಂದು ಮಾತ್ರ ನನಗೆ ಸರಿಯಾಗಿ ಗೊತ್ತಿಲ್ಲ.