ಬಿಸಿ ಎಕ್ಕದೆಲೆ

ಬೆಂಕಿಗೆ ಹಿಡಿದ ಎಕ್ಕದೆಲೆಯ ವಾಸನೆ ನಿಮಗೆ ಗೊತ್ತುಂಟಾ? ಇವತ್ತು ಬೆಳಿಗ್ಗೆ ಬಂಟ್ವಾಳದ ನಮ್ಮ ಪಕ್ಕದ ಮನೆಯವರು ಮೊಣಕಾಲು ನೋವಿಗೆಂದು ಎಣ್ಣೆ ಸವರಿ ಬಾಡಿಸುತ್ತಿದ್ದರು. ನಾನು ಎದ್ದು ಕಿಟಕಿ ಮುಚ್ಚಿದೆ. ಅಪ್ಪನ ಇಂಜೆಕ್ಷನ್ನಿನ ದಿನ ಬೇರೆ.

ನಮ್ಮಮ್ಮನಿಗೆ ಸಕಲ ನೋವಿಗೂ ಅದೇ ಮದ್ದು. ಬಸ್ಸಿನ ಬಾಗಿಲು ತಾಗಿದರೂ ಎಕ್ಕದೆಲೆ, ಸೂಜಿ ಚುಚ್ಚಿದರೂ ಎಕ್ಕದೆಲೆ. ಅಪ್ಪ-ಅಮ್ಮನ ಲಾಯಿಲದ ಮನೆಯಂಗಳದಲ್ಲಿ ಗುಲಾಬಿ ಒಂದೂ ಬದುಕಲಿಲ್ಲ, ಎಕ್ಕ ಮಾತ್ರ ಆಳೆತ್ತರ ಬೆಳೆದಿತ್ತು.

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದ ವರ್ಷ ಮೂಡುಬಿದಿರೆಯ ಡಾಕ್ಟರು ಮೂರು ತಿಂಗಳಿಗೊಮ್ಮೆ ಸೊಂಟದ ಕೆಳಗೆ ಒಂದು ಇಂಜೆಕ್ಷನ್ ಬರೆದರು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುವ ಮದ್ದಂತೆ. ಅದಕ್ಕೇ ಅದನ್ನು ಆಪರೇಷನ್ನಿನ ಹೊಲಿಗೆಯ ತಾನಾಗಿ ಕರಗುವ ದಾರದ ಜಾತಿಯ ಪ್ಲಾಸ್ಟಿಕ್ಕಿನ ಸಣ್ಣ ಕಣಗಳೊಳಗೆ ತುಂಬಿ ಚುಚ್ಚುತ್ತಾರೆ. ಕಣ ಮೆಲ್ಲಗೆ ಕರಗಿದ ಹಾಗೆ ಮದ್ದು ಹೊರಗೆ ಬರುತ್ತದೆ.

"ಪ್ಲಾಸ್ಟಿಕ್ಕಾ? ದನಗಳು ತಿಂದು ಸಾಯುವುದು ಅದನ್ನೇ ಅಲ್ಲವಾ?" ಅಂದಿದ್ದಳು ಅಮ್ಮ.

ಉಜ್ಜಬೇಡಿ, ಶಾಖ ಕೊಡಬೇಡಿ ಅಂತ ನರ್ಸ್ ಅಪ್ಪನಿಗೆ ಹೇಳಿದ್ದರು. ಆದರೆ ಅಮ್ಮನ ಎಲೆ ಬೇಡ ಅನ್ನುವ ಧೈರ್ಯ ಅಪ್ಪನಿಗೆ ಈ ಜನ್ಮದಲ್ಲಿ ಬಂದದ್ದಿಲ್ಲ. ಇಂಜೆಕ್ಷನ್ನಿನ ಮರುದಿನ ನಾನು ಹೋಗಿ ನೋಡಿದರೆ ಬೋರಲು ಮಲಗಿದ್ದಾರೆ. ಚುಚ್ಚಿದಲ್ಲಿ ಎದ್ದ ಗಂಟಿನ ಮೇಲೆ ಬಿಸಿ ಎಲೆ, ಎಲೆಯ ಮೇಲೆ ಅಮ್ಮನ ಅಂಗೈ.

"ಅಯ್ಯೋ ದೇವರೇ, ತೆಗಿ ಅಮ್ಮಾ! ಮೂರು ತಿಂಗಳ ಮದ್ದು ಒಂದೇ ಸಲ ಕರಗಿದರೆ ಎಂತ ಮಾಡುವುದು?"

"ಗಂಟು ಕರಗಲಿ ಅಂತಲ್ಲವಾ ಇಟ್ಟದ್ದು..." ಅಮ್ಮನ ಮುಖ ಬಿಳುಚಿಹೋಯಿತು.

ಡಾಕ್ಟರಿಗೆ ಫೋನ್ ಮಾಡಿದೆ. "ಏನೂ ಆಗಿರಲಿಕ್ಕಿಲ್ಲ. ಆದರೂ ರಕ್ತ ಪರೀಕ್ಷೆ ಮಾಡುವ" ಅಂದರು. ಆ 'ಆದರೂ' ಹಿಡಿದುಕೊಂಡು ನಾನು ನಿದ್ದೆಗೆಟ್ಟೆ. ಅಮ್ಮನೋ, ಅಪ್ಪನನ್ನು ಮುಟ್ಟುವುದನ್ನೇ ಬಿಟ್ಟಳು. ಕಾಫಿ ಲೋಟ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುವಳು. ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅಂತ ಬಂದಾಗ ನನಗೆ ಅಳುವೇ ಬಂತು. ಅಷ್ಟರಲ್ಲಿ ಅವಳು ಎಕ್ಕವನ್ನು ಬುಡಸಮೇತ ಕಡಿಸಿಯಾಗಿತ್ತು. ಆಮೇಲೂ ಇಂಜೆಕ್ಷನ್ನಿನ ದಿನ ಅಪ್ಪನ ಹತ್ತಿರ ಸುಳಿಯಲಿಲ್ಲ.

ಇವತ್ತು ಮಧ್ಯಾಹ್ನ, ಇಂಜೆಕ್ಷನ್ ಆದ ಮೇಲೆ ನಾನು ಲಾಯಿಲಕ್ಕೆ ಹೋದಾಗಲೂ ಹಾಗೆಯೇ ಬಾಗಿಲಲ್ಲೇ ನಿಂತಿದ್ದಳು. ಮಂಚದಲ್ಲಿ ಬೋರಲು ಮಲಗಿದ್ದ ಅಪ್ಪ ಗೋಡೆಗೆ ಹೇಳಿದ ಹಾಗೆ ಹೇಳಿದರು:

"ಎಲೆ ಬೇಡ ಮಾರಾಯ್ತಿ. ಕೈ ಇಡ್ಲಿಕ್ಕೂ ಡಾಕ್ಟರ ಚೀಟಿ ಬೇಕಾ?"

ಅಮ್ಮ ನನ್ನನ್ನು ನೋಡಿದಳು. ಇಡು ಅಂದೆ. ಅವಳು ಬಚ್ಚಲಿಗೆ ಹೋಗಿ ನಳ್ಳಿಯ ತಣ್ಣೀರಿನ ಕೆಳಗೆ ಅಂಗೈ ಹಿಡಿದು ತುಂಬ ಹೊತ್ತು ನಿಂತಳು. ಸೆರಗಿಗೆ ಒರೆಸಿಕೊಂಡು, ಒಮ್ಮೆ ತನ್ನ ಕೆನ್ನೆಗೆ ತಾಗಿಸಿ, ಬಿಸಿ ಇಲ್ಲ ಅಂತ ಖಾತ್ರಿ ಮಾಡಿಕೊಂಡಳು. ಮತ್ತೆ ಬಂದು, ಗಂಟಿನಿಂದ ದೂರ, ಅಪ್ಪನ ಬೆನ್ನ ಮೇಲೆ ಕೈ ಇಟ್ಟಳು.