ಚಿಕ್ಕಮಲ್ಲಪ್ಪನ ಮುಗಿಯದ ಪೂಜೆ

ತೆರಕಣಾಂಬಿಯಲ್ಲಿ ನಮ್ಮ ಮನೆಗೂ ಚಿಕ್ಕಮಲ್ಲಪ್ಪನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಮೇಲೆ ಅವನ ನುಗ್ಗೆಮರ ವಾಲಿದ್ದಕ್ಕೆ ನಾವಿಬ್ಬರೂ ನಲವತ್ತು ವರ್ಷ ಜಗಳವಾಡಿದ್ದೇವೆ. ನನ್ನ ಹೆಸರು ಶಾಂತಮಲ್ಲಮ್ಮ, ಆದರೆ ಬಾಯಿ ಬೇರೆಯದೇ. ಅವನ ಬಾಯಿ ನನಗಿಂತ ಜೋರು. ಸಂತೆಯಲ್ಲಿ ಸಣ್ಣ ಈರುಳ್ಳಿ ಮಾರುತ್ತಿದ್ದವನು, ಕೂಗಿ ಕೂಗಿ ಅಭ್ಯಾಸವಾಗಿತ್ತು. ಬೆಳಗ್ಗೆ ಆರಕ್ಕೆ ಸ್ನಾನ. ಆಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟರೆ ಎರಡೇ ನಿಮಿಷಕ್ಕೆ ಪೂಜೆ ಮುಗಿಯುತ್ತಿತ್ತು. ಶಿವನಿಗೂ ಸಂತೆಗೆ ಹೊತ್ತಾಗುತ್ತದೆ ಎನ್ನುತ್ತಿದ್ದ. ಆದರೆ ಪೂಜೆಯಾಗದೆ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಿದವನಲ್ಲ.

ಎಪ್ಪತ್ತು ದಾಟಿದ ಮೇಲೆ ಆ ಪೂಜೆ ಮುಗಿಯುವುದನ್ನೇ ಬಿಟ್ಟಿತು. ಲಿಂಗವನ್ನು ಕರಡಿಗೆಗೆ ಸೇರಿಸುತ್ತಾನೆ, ಸೊಸೆ ನಾಗರತ್ನ ತಟ್ಟೆ ತರುವಷ್ಟರಲ್ಲಿ ಮತ್ತೆ ಸ್ನಾನಕ್ಕೆ ಏಳುತ್ತಾನೆ. ಅವನ ಪಾಲಿಗೆ ಯಾವಾಗಲೂ ಬೆಳಗಿನ ಆರು ಗಂಟೆ. ಗೋಡೆಯಾಚೆ ನೀರು ಸುರಿಯುವ ಸದ್ದು, ಊದುಬತ್ತಿಯ ಹೊಗೆ, ಸಣ್ಣ ದನಿಯ ಓಂ ನಮಃ ಶಿವಾಯ. ಹುರುಳಿ ಹಸನು ಮಾಡುತ್ತಾ ಕೂತ ನನಗೂ ಹೊತ್ತು ತಪ್ಪುತ್ತಿತ್ತು. ಬಿಸಿಲು ನೆತ್ತಿಗೇರಿದ್ದರೂ ಈಗಷ್ಟೇ ಮಂಜು ಕರಗುತ್ತಿದೆ, ಕೋಳಿ ಇನ್ನೇನು ಕೂಗುತ್ತದೆ ಅನಿಸುತ್ತಿತ್ತು. ಚೆಂಡುಹೂವಿನ ಹೊಲದ ಗಾಳಿ ಆ ಹೊಗೆಯನ್ನು ಬೀದಿಯುದ್ದಕ್ಕೂ ಒಯ್ಯುತ್ತಿತ್ತು, ಮಾತಾಡುತ್ತಿದ್ದವರು ದನಿ ತಗ್ಗಿಸುತ್ತಿದ್ದರು. ನಮ್ಮ ಬೀದಿಗೆ ಮಧ್ಯಾಹ್ನವೇ ಆಗುತ್ತಿರಲಿಲ್ಲ.

ಮುದುಕ ಮಾಗಿದ್ದಾನೆ ಎಂದೆವು. ಊಟ ಬಿಟ್ಟು ಕೂತಿದ್ದಾನೆ, ಕಠಿಣ ವ್ರತ ಎಂದೆವು. ನಾನು ಮಂಡಿ ನೋವಿಗೆಂದು ಅವನ ಕಾಲಿಗೆ ಬಿದ್ದೆ. ನುಗ್ಗೆಮರವನ್ನು ನೆನೆದು ಮೊದಲು ನಾಚಿಕೆಯಾಯಿತು, ಆದರೂ ಬಿದ್ದೆ. ಎರಡು ದಿನ ನೋವು ಕಡಿಮೆಯಾಯಿತು. ಸುಮ್ಮನಿರಲಾರದೆ ನಾಲ್ಕು ಮನೆಗೆ ಹೇಳಿ ಬಂದೆ. ಸೋಮವಾರ ಸೋಮವಾರ ಹಂಗಳದಿಂದಲೂ ಜನ ಬಸ್ಸಿನಲ್ಲಿ ಬರತೊಡಗಿದರು. ತಂದ ಹಣ್ಣನ್ನು ಅವನ ಮುಂದಿಟ್ಟು, ಪ್ರಸಾದವೆಂದು ನಾವೇ ತಿಂದು ಏಳುತ್ತಿದ್ದೆವು.

ನಾಗರತ್ನ ಮಾತ್ರ ಅವನನ್ನು ಚಾಮರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಿಮೆನ್ಷಿಯಾ, ಮಿದುಳು ಸವೆಯುವ ಕಾಯಿಲೆ, ಈಗ ಮಾಡಿದ್ದು ಈಗಲೇ ಮರೆಯುತ್ತದೆ, ಹೀಗೇ ಹೊಟ್ಟೆಗೆ ಬೀಳದಿದ್ದರೆ ಉಳಿಯುವುದಿಲ್ಲ ಎಂದರಂತೆ. ಬಂದು ನಮಗೆಲ್ಲ ಹೇಳಿದಳು. ವಯಸ್ಸಾದವರಿಗೆ ಮರೆವು ಬರದೆ ಇನ್ನಾರಿಗೆ ಬರುತ್ತದೆ ಎಂದು ನಾನು ನಕ್ಕೆ. ಮಾವನಿಗೆ ಹುಚ್ಚನ ಪಟ್ಟ ಕಟ್ಟಲು ಚೀಟಿ ಬರೆಸಿಕೊಂಡು ಬಂದಿದ್ದಾಳೆ ಎಂದು ಹಿಂದಿನಿಂದ ಆಡಿಕೊಂಡೆವು. ತರಕಾರಿ ಗಾಡಿ ಓಡಿಸುವ ಅವಳ ಗಂಡ ದಿಲೀಪನೂ ನಮ್ಮ ಮಾತನ್ನೇ ಅರ್ಧ ನಂಬಿದ್ದ. ಪೂಜೆ ಆಯಿತು, ಉಣ್ಣಿ ಎಂದು ಅವಳು ಅಂಗಲಾಚಿದರೆ, ನೀನು ಯಾರ ಮನೆ ಮಗಳವ್ವಾ ಎಂದು ಮುದುಕ ಕೇಳುತ್ತಿದ್ದ. ಒಂದೊಂದು ದಿನ ಎರಡು ಚಮಚ ಗಂಜಿ ಇಳಿದರೆ ಅದೇ ಹೆಚ್ಚು.

ಕಾರ್ತಿಕದ ಸೋಮವಾರ ನಾವು ಹನ್ನೊಂದು ಜನ ಹೋದಾಗ ನಾಗರತ್ನ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇದು ವ್ರತ ಅಲ್ಲ ಕಣ್ರವ್ವಾ, ಕಾಯ್ಲೆ. ನಮ್ಮಾವ ಅಸ್ಕಂಡು ಸಾಯ್ತಾವ್ರೆ, ನೀವು ಕೈ ಮುಗೀತಾ ಕೂತಿದ್ದೀರಿ."

ನನಗೆ ಪಿತ್ತ ನೆತ್ತಿಗೇರಿತು. ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದೆ, ಉಳಿದವರೂ ಬಂದರು. ಬಾಗಿ ಮುಟ್ಟಿದರೆ ಕಾಲಿನಲ್ಲಿ ಮೂಳೆಯ ಹೊರತು ಏನೂ ಇರಲಿಲ್ಲ. ತಲೆ ಎತ್ತಿದೆ. ಅವನು ನೋಡುತ್ತಿದ್ದುದು ಅಂಗೈಯ ಲಿಂಗವನ್ನಲ್ಲ, ನನ್ನ ತಟ್ಟೆಯ ಬಾಳೆಹಣ್ಣನ್ನು. ನನ್ನ ಕಿವಿಯ ಹತ್ತಿರ ಬಗ್ಗಿದ.

"ಒಟ್ಟೆ ಅಸೀತದೆ ಕಣಮ್ಮಿ. ಈ ಪೂಜೆ ಯಾವಾಗ ಮುಗೀತದೆ?"

ಇಷ್ಟು ದಿನ ಇವನ ಕಾಲು ನೋಡಿದ್ದೆ, ಮುಖ ನೋಡಿರಲಿಲ್ಲ. ನಾಗರತ್ನಳ ಕಡೆ ತಿರುಗಲು ಧೈರ್ಯವಾಗಲಿಲ್ಲ.

"ಮುಗೀತು ಕಣಣ್ಣೋ," ಎಂದೆ. "ನಾನೇ ಕಣ್ಣಾರೆ ಕಂಡಿವ್ನಿ."

ಅವನು ನಂಬಲಿಲ್ಲ. ನನ್ನ ಹಿಂದಿದ್ದವರ ಮುಖವನ್ನು ಒಂದೊಂದಾಗಿ ನೋಡಿದ. ನಾನು ತಿರುಗಿ ಅವರನ್ನು ದುರುಗುಟ್ಟಿದೆ. ಆಯ್ತು ಎಂದಳು ಕರಿಯಮ್ಮ. ಆಯ್ತು ಎಂದ ರಾಜಣ್ಣ. ಆಮೇಲೆ ಎಲ್ಲರೂ ಎಂದರು. ಅವನು ಲಿಂಗವನ್ನು ಮೆಲ್ಲಗೆ ಕರಡಿಗೆಗೆ ಸೇರಿಸಿ, ಹಣ್ಣು ಸುಲಿದು ಕಚ್ಚಿದ. ನಾಗರತ್ನ ಓಡಿಹೋಗಿ ಮೊಸರನ್ನ ಕಲಸಿ ತಂದು ಪಕ್ಕದಲ್ಲಿ ಕೂತಳು. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಅವನು ಮತ್ತೆ ನಮ್ಮ ಕಡೆ ನೋಡಿ, ಆಯ್ತಾ ಎಂದ. ಆಯ್ತು ಎಂದೆವು. ಪ್ರತಿ ತುತ್ತಿಗೂ ಕೇಳಿದ. ತಟ್ಟೆ ಖಾಲಿಯಾಗುವವರೆಗೆ ಹನ್ನೊಂದು ಜನವೂ ಅಲ್ಲೇ ಕೂತು ಪ್ರತಿ ತುತ್ತಿಗೂ ಹೇಳಿದೆವು.