ಹೂಟಗಳ್ಳಿಯ ಖಾಲಿ ಸೈಟಿನಲ್ಲಿ ಥ್ರೋಬಾಲ್

ಪುಟ್ಟಲಿಂಗಮ್ಮ ನಮ್ಮ ವಠಾರಕ್ಕೆ ಬಾಡಿಗೆಗೆ ಬಂದದ್ದು ತೊಂಬತ್ತೈದರ ಆಸುಪಾಸಿನಲ್ಲಿ. ಆಗ ಹೂಟಗಳ್ಳಿ ಅರ್ಧ ಹಳ್ಳಿ, ಅರ್ಧ ಕಾರ್ಖಾನೆ. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಸೈರನ್ನು. ಅವಳ ಗಂಡ ಚೆಲುವರಾಜುವಿಗೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದರಿಂದ ತಿ. ನರಸೀಪುರದ ಕಡೆಯ ಹಳ್ಳಿ ಬಿಟ್ಟು ಬಂದಿದ್ದರು. ನನ್ನ ಪಕ್ಕದ ಮನೆಯೇ ಅವಳದು. ಆದರೂ ಮೊದಲ ಎರಡು ವರ್ಷ ನಾವು ಮಾತಾಡಿದ್ದು ಅಷ್ಟಕ್ಕಷ್ಟೆ. ಕೆಲಸ ಹುಡುಕಿಕೊಂಡು ನಾಲ್ಕು ದಿಕ್ಕಿನಿಂದ ಬಂದ ಜನ ನಾವು. ಗಂಡಸರು ಶಿಫ್ಟಿಗೆ ಹೋದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಆ ಬಾಗಿಲಿನ ಹಿಂದೆ ಪುಟ್ಟಕ್ಕನಿಗೆ (ನಾನು ಅವಳನ್ನು ಕರೆಯುವುದೇ ಹಾಗೆ) ಎದೆ ಹಿಂಡಿದ ಹಾಗಾಗುತ್ತಿತ್ತಂತೆ. ನಿದ್ದೆ ಇಲ್ಲ, ಊಟ ಸೇರದು. ಎದೆಯ ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೆಂಪು ಟಾನಿಕ್ಕು ಕುಡಿಸಿದರು. ಏನೂ ಗುಣವಾಗಲಿಲ್ಲ. ಕೊನೆಗೆ ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಡಾಕ್ಟರ್ ಬಿಂದುಶ್ರೀ ಹತ್ತಿರ ಹೋದಳು. ಅವರು ನಾಡಿ ಹಿಡಿದುಕೊಂಡೇ ಕೇಳಿದರಂತೆ, "ದಿನಾ ಯಾರ್ಯಾರ ಜೊತೆ ಮಾತಾಡ್ತೀರಮ್ಮ?"

ಪುಟ್ಟಕ್ಕ ಯೋಚನೆ ಮಾಡಿ ಹೇಳಿದಳು, "ಹಾಲಿನೋನ ಜೊತೆ."

"ಅವನಲ್ಲದೆ?"

"ಅವ್ನೂ ಒಂದೊಂದ್ ದಿನ ಪ್ಯಾಕೆಟ್ ಎಸ್ದು ಹೊಂಟೋಯ್ತಾನೆ."

ಡಾಕ್ಟರಮ್ಮನಿಗೆ ನಗು ಬಂತಂತೆ. ಇವಳಿಗೂ ಬಂತು. ಎಷ್ಟೋ ತಿಂಗಳ ಮೇಲೆ ನಕ್ಕದ್ದು ಅಂದೇ ಎಂದು ಪುಟ್ಟಕ್ಕ ಈಗಲೂ ಹೇಳುತ್ತಾಳೆ. ಡಾಕ್ಟರಮ್ಮ ಕೆಲವು ದಿನಕ್ಕೆ ಮಾತ್ರೆ ಕೊಟ್ಟರು, ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು: ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು, ಬೀದಿಯ ಹೆಂಗಸರನ್ನು ಸೇರಿಸುವುದಕ್ಕೆ ತಮಗೆ ಸಹಾಯ ಮಾಡಬೇಕು.

ಬಿಂದುಶ್ರೀ ಮೇಡಮ್ ಒಂದು ತರಬೇತಿ ಮುಗಿಸಿಕೊಂಡು ಬಂದಿದ್ದರು. ರೋಗ ಬಂದ ಮೇಲೆ ಮದ್ದು ಕೊಡುವುದಷ್ಟೇ ಆರೋಗ್ಯದ ಕೆಲಸವಲ್ಲ, ಜನ ಒಟ್ಟಾಗಿ ತಮ್ಮ ಬೀದಿಯಲ್ಲಿ ನೆಮ್ಮದಿಯಾಗಿ ಬದುಕುವ ಹಾಗೆ ಮಾಡುವುದೂ ಅದರ ಕೆಲಸವೇ ಎಂದು ಅಲ್ಲಿ ಕಲಿತಿದ್ದರು. ಆ ಉತ್ಸಾಹದಲ್ಲಿ ಅವರು ಮೊದಲು ಮಾಡಿದ್ದು ಒಂದು ಭಾಷಣ. ಬಾಗಿಲಿಗೆ ದೊಡ್ಡ ಬ್ಯಾನರು: ಮಾನಸಿಕ ಆರೋಗ್ಯ ಶಿಬಿರ. ಒಳಗೆ ಸಾಲು ಕುರ್ಚಿ, ಬಣ್ಣದ ಚಾರ್ಟು. ಬಂದದ್ದು ಇಬ್ಬರು. ಒಬ್ಬಾಕೆ ಮಗುವಿನ ಜಂತುಹುಳುವಿನ ಮಾತ್ರೆಗೆ, ಇನ್ನೊಬ್ಬಾಕೆ ಬಿಸಿಲು ತಪ್ಪಿಸಿಕೊಂಡು ಕೂರಲು.

ಪುಟ್ಟಕ್ಕ ಹಿಂಜರಿಯುತ್ತಾ ಹೇಳಿದಳು, "ಮೇಡಮ್, ಆ ಬ್ಯಾನರ್ ನೋಡಿ ಹೆದರ್ಕೊಂಡವ್ರೆ. ಒಳಗ್ ಬಂದ್ರೆ ಹುಚ್ಚು ಅಂತಾರೆ ಅಂತ."

"ಅಯ್ಯೋ, ಹೌದಲ್ಲ! ತರಬೇತೀಲಿ ಮೊದಲನೇ ಪಾಠವೇ ಅದು, ಜನರನ್ನ ಕೇಳಿ ಶುರುಮಾಡಿ ಅಂತ. ನಾನು ಅದನ್ನೇ ಬಿಟ್ಟು ಚಾರ್ಟ್ ಬರಿಯೋಕೆ ಕೂತೆ. ಬನ್ನಿ, ಕೇಳ್ಕೊಂಡು ಬರೋಣ," ಎಂದು ಡಾಕ್ಟರಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮನೆ ಮನೆಗೆ ಬಂದರು. ನಿಮಗೇನು ಕಾಯಿಲೆ ಎಂದು ಕೇಳಲಿಲ್ಲ. ನಿಮ್ಮ ದಿನ ಚೆನ್ನಾಗಿರಬೇಕಾದರೆ ಏನು ಬೇಕು ಎಂದು ಕೇಳಿದರು. ಒಬ್ಬರು ಬೀದಿ ದೀಪ ಎಂದರು, ಒಬ್ಬರು ನಲ್ಲಿ ಎಂದರು. ನನ್ನ ಮನೆಗೆ ಬಂದಾಗ ನಾನು ಪಾತ್ರೆ ತಿಕ್ಕುತ್ತಿದ್ದೆ. ಬಾಯಿಗೆ ಬಂದದ್ದು ಹೇಳಿದೆ, "ಸ್ಕೂಲಲ್ಲಿ ಥ್ರೋಬಾಲ್ ಆಡ್ತಿದ್ದೆ ಮೇಡಮ್. ಆಗ ಚೆನ್ನಾಗಿತ್ತು."

ತಮಾಷೆಗೆ ಆಡಿದ ಮಾತು. ಮುಂದಿನ ವಾರ ಪುಟ್ಟಕ್ಕ ಕಂಕುಳಲ್ಲಿ ಚೆಂಡು ಇಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು. "ಸುಮಾ, ಬಾ, ಎಂಗ್ ಆಡೋದು ಅಂತ ತೋರ್ಸು."

ವಠಾರದ ಎದುರಿಗೆ ಯಾರೋ ಕೊಂಡು ಬಿಟ್ಟಿದ್ದ ಖಾಲಿ ಸೈಟುಗಳಿದ್ದವು. ಪಾರ್ಥೇನಿಯಂ ಕಳೆ ಕಿತ್ತೆವು, ಶಾಲೆಯಿಂದ ಆಟದ ನೆಟ್ಟು ತಂದು ಎರಡು ಗಳಕ್ಕೆ ಕಟ್ಟಿದೆವು. ಮೊದಲ ದಿನದ ಆಟ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು. ಚೆಂಡು ಬಂದರೆ ಅರ್ಧ ಜನ ಕಣ್ಣು ಮುಚ್ಚುವುದು, ಅರ್ಧ ಜನ ಸೆರಗು ಸರಿಮಾಡಿಕೊಳ್ಳುವುದು. ಪುಟ್ಟಕ್ಕ ಎಸೆದ ಚೆಂಡು ನೆಟ್ಟಿನ ಕಡೆ ಹೋಗದೆ ಹಿಂದಕ್ಕೆ ಹಾರಿ ಎಮ್ಮೆಯೊಂದರ ಬೆನ್ನಿಗೆ ಬಿತ್ತು. ಎಮ್ಮೆ ತಿರುಗಿಯೂ ನೋಡಲಿಲ್ಲ.

ಶಿಫ್ಟು ಮುಗಿಸಿ ಬಂದ ಚೆಲುವರಾಜು ಮಾತ್ರ ನೋಡಿಬಿಟ್ಟ. ಗೋಡೆಯಾಚೆಯಿಂದ ಅವರ ಮಾತು ನನಗೆ ಕೇಳುತ್ತಿತ್ತು.

"ನಾಚ್ಕೆ ಆಗಲ್ವಾ ನಿಂಗೆ? ಅಕ್ಕಪಕ್ಕದೋರು ಏನಂದ್ಕೋತಾರೆ?"

"ಅಕ್ಕಪಕ್ಕದೋರೆಲ್ಲ ನನ್ ಟೀಮಲ್ಲೇ ಅವ್ರೆ ಕಣ್ರೀ."

ಚೆಲುವರಾಜು ಆ ವಾರವೆಲ್ಲ ಮುಖ ಊದಿಸಿಕೊಂಡಿದ್ದ. ಆದರೆ ಹೆಂಡತಿ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆಯುವುದನ್ನು ಕಂಡು ಸುಮ್ಮನಾದ.

ನಮ್ಮ ಆಟದ ಮೈದಾನಕ್ಕೆ ತಾಗಿಕೊಂಡೇ ಬಸಮ್ಮನವರ ಸ್ವಂತ ಮನೆ. ಅವರ ಯಜಮಾನರು ಕರಿಬಸವಯ್ಯನವರು ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದವರು, ಮಠದ ಕೆಲಸವೆಂದರೆ ಮುಂದೆ ನಿಲ್ಲುತ್ತಿದ್ದವರು. ಅವರು ತೀರಿಕೊಂಡು ವರ್ಷ ಕಳೆದಿದ್ದರೂ ಬಸಮ್ಮ ಹೊರಗೆ ಬರುತ್ತಿರಲಿಲ್ಲ. ಮಕ್ಕಳಿಲ್ಲ. ಅಂಗಡಿಯ ಸಾಮಾನನ್ನು ಕಿಟಕಿಯಲ್ಲೇ ತೆಗೆದುಕೊಳ್ಳುತ್ತಿದ್ದರು. ಒಂದು ಸಂಜೆ ನಮ್ಮ ಚೆಂಡು ಅವರ ಕಾಂಪೌಂಡಿನೊಳಗೆ ಬಿತ್ತು. ಎಷ್ಟು ಕರೆದರೂ ಸದ್ದಿಲ್ಲ. ಪುಟ್ಟಕ್ಕ ಗೇಟು ತೆಗೆದು ಹೋದಳು.

ಅರ್ಧ ತೆರೆದ ಬಾಗಿಲಿನಾಚೆ ಬಸಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರಂತೆ. ತಲೆ ಬಾಚಿಲ್ಲ. ಒಲೆ ಹಚ್ಚಿದ ವಾಸನೆಯೇ ಇಲ್ಲ. ಪುಟ್ಟಕ್ಕ ಜಗಲಿಯ ಮೇಲೆ ಕೂತಳು. ಧೈರ್ಯ ತಂದ್ಕೊಳ್ಳಿ, ಅಳಬೇಡಿ ಎನ್ನುವ ಮಾತು ಯಾವುದನ್ನೂ ಆಡಲಿಲ್ಲ. "ಕಾಲು ನೋಯ್ತಾ ಅದೆ, ಸ್ವಲ್ಪ ಕೂತ್ಕೋತೀನಿ ಕಣಮ್ಮ," ಎಂದಳು, ಅಷ್ಟೆ. ಮಾರನೆಯ ದಿನವೂ ಹೋಗಿ ಕೂತಳು, ಅದರ ಮಾರನೆಯ ದಿನವೂ. ಅವಳು ಯಾವತ್ತೂ ಹೊಸ್ತಿಲು ದಾಟಲಿಲ್ಲ. ದಾಟಬಹುದೋ ಬಾರದೋ ಎಂಬ ಅಳುಕು ಹಳ್ಳಿಯಿಂದ ಅವಳ ಜೊತೆಗೇ ಬಂದಿತ್ತು. ಒಂದು ದಿನ ಬಸಮ್ಮನವರೇ ಹೇಳಿದರು, "ಅಲ್ಯಾಕ್ ಕೂರ್ತೀಯ? ಒಳಗ್ ಬಾ."

ಒಳಗೆ ಹೋದಳು. ಅಂದಿನಿಂದ ಆಗಾಗ ಮನೆಯಲ್ಲಿ ಮಾಡಿದ ಉಪ್ಪಿಟ್ಟೋ ರೊಟ್ಟಿಯೋ ಒಯ್ಯತೊಡಗಿದಳು. ಬಸಮ್ಮ ಮೊದಲು ಮುಚ್ಚಿಡುತ್ತಿದ್ದರು, ಆಮೇಲೆ ಎದುರಿಗೇ ತಿನ್ನುತ್ತಿದ್ದರು. ಆದರೆ ನಿದ್ದೆ ಇಲ್ಲ ಎನ್ನುವುದು, ಬದುಕಿ ಏನಾಗಬೇಕು ಎನ್ನುವುದು ನಿಲ್ಲಲಿಲ್ಲ. ಆ ಮಾತು ಕೇಳಿದ ದಿನವೇ ಪುಟ್ಟಕ್ಕ ಓಡಿಹೋಗಿ ಡಾಕ್ಟರಮ್ಮನಿಗೆ ತಿಳಿಸಿದಳು. ಅವರು ಆಗಲೇ ಬಂದರು.

"ನಂಗೆ ಹುಚ್ಚು ಅಂತ ಕರ್ಕೊಂಬಂದ್ಯಾ ಇವ್ರನ್ನ?" ಎಂದು ಬಸಮ್ಮ ಸಿಡುಕಿದರು.

"ನಾನೂ ಇದೇ ಡಾಕ್ಟ್ರಮ್ಮನ ಮಾತ್ರೆ ತಕ್ಕೊಂಡೋಳು ಕಣಮ್ಮ. ನಾನೇನು ಹುಚ್ಚೀನಾ?"

ಬಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈಗೆ ಮೆತ್ತಿದ ಮಣ್ಣು. "ಸ್ವಲ್ಪ ಇದ್ದೀಯ," ಎಂದರು. ಮೂವರೂ ನಕ್ಕರು.

ಡಾಕ್ಟರಮ್ಮ ಬಹಳ ಹೊತ್ತು ಕೂತು ಮಾತಾಡಿದರು, ಮಾತ್ರೆ ಬರೆದರು. "ಮಾತ್ರೆ ಬೇಕು ಬಸಮ್ಮನವ್ರೇ, ತಪ್ಪಿಸಬೇಡಿ. ಜೊತೆಗೆ ಜನಾನೂ ಬೇಕು. ಸಂಜೆ ಬಾಗಿಲು ತೆಗೆದು ಜಗಲಿ ಮೇಲೆ ಕೂತ್ಕೊಳ್ಳಿ. ಆಡಬೇಡಿ, ಸುಮ್ನೆ ನೋಡಿ," ಎಂದರು.

ಬಸಮ್ಮ ಸುಮ್ಮನೆ ನೋಡುವ ಪೈಕಿಯವರಲ್ಲ ಎಂದು ನಮಗೆ ಗೊತ್ತಾಗಲು ತಡವಾಗಲಿಲ್ಲ. ಎರಡು ತಿಂಗಳು ಬಾಯಿ ಬಿಡದೆ ಕೂತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಕೂಗಿದರು, "ಗೆರೆಯಾಚೆ ಬಿತ್ತು! ಸುಳ್ ಹೇಳ್ತೀಯಾ ಸುಮಾ!" ನಾನು ಚೆಂಡು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಪುಟ್ಟಕ್ಕ ಓಡಿಹೋಗಿ ಅವರ ಕೈ ಹಿಡಿದು, "ಬನ್ನಿ, ನೀವೇ ತೀರ್ಪು ಹೇಳಿ," ಎಂದು ಎಳೆದುಕೊಂಡೇ ಬಂದಳು. ಅಂದಿನಿಂದ ಬಸಮ್ಮ ನಮ್ಮ ಅಂಪೈರು. ಅವರ ಮಾತಿಗೆ ಎದುರು ಹೇಳುವ ಗಂಡಸು ಕೂಡ ಆ ಬೀದಿಯಲ್ಲಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಡಾಕ್ಟರಮ್ಮನ ಪರಿಚಯದವರು ಸಿಟಿಯೊಳಗಿನ ಗೋಕುಲಂ ಬಡಾವಣೆಯ ಮಹಿಳಾ ಸಮಾಜದ ಜೊತೆ ಒಂದು ಪಂದ್ಯ ಏರ್ಪಡಿಸಿದರು. ಸಿಟಿ ಬಸ್ಸು ಹತ್ತಿ ಹೋದೆವು. ಅವರದು ಬಿಳಿ ಬೂಟು, ಟ್ರ್ಯಾಕ್ ಸೂಟು. ಯೋಗ ಕಲಿಯಲು ಬಂದಿದ್ದ ಉದ್ದನೆಯ ವಿದೇಶಿ ಹೆಂಗಸೊಬ್ಬಳು ಅವರ ಕಡೆ. ನೆಟ್ಟಿನ ಮೇಲಿಂದ ಅವಳ ತಲೆ ಪೂರ್ತಿ ಕಾಣುತ್ತಿತ್ತು. "ಅವ್ಳಿಗೆ ನೆಟ್ಟೇ ಲೆಕ್ಕಕ್ಕಿಲ್ಲ ಕಣೇ," ಎಂದು ಪುಟ್ಟಕ್ಕ ಗೊಣಗಿದಳು. ಆದರೂ ಹತ್ತಿರ ಹತ್ತಿರಕ್ಕೆ ಬಂದೆವು. ಕೊನೆಯ ಚೆಂಡು ಗೆರೆಯ ಮೇಲೋ ಆಚೆಯೋ ಎಂದು ಜಗಳವಾದಾಗ ಎರಡೂ ಕಡೆಯವರು ಗೆರೆಯ ಹತ್ತಿರ ತೀರ್ಪಿಗೆ ನಿಂತಿದ್ದ ಬಸಮ್ಮನವರ ಮುಖ ನೋಡಿದರು. ಅವರು ಬಗ್ಗಿ ಗುರುತು ನೋಡಿ, "ನಮ್ಮೋರ್ದೇ ತಪ್ಪು," ಎಂದುಬಿಟ್ಟರು. ಸೋತೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಸಮ್ಮನವರನ್ನು ಬೈದು, ನಕ್ಕು, ಅವರೇ ಕೊಡಿಸಿದ ಕಡಲೆಕಾಯಿ ತಿಂದು ಮನೆ ಸೇರಿದೆವು.

ಎಲ್ಲವೂ ಹೀಗೇ ಸುಗಮವಾಗಿತ್ತು ಎನ್ನಲಾರೆ. ಎರಡು ಸಾವಿರದ ಮೂರರಲ್ಲಿ ಚೆಲುವರಾಜುವಿನ ಫ್ಯಾಕ್ಟರಿ ಮುಚ್ಚಿತು. ಗಟ್ಟಿ ಆಳು, ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಯಾರಿಗೋ ದಾರಿ ತೋರಿಸಿದ್ದ ಪುಟ್ಟಕ್ಕನಿಗೆ ತನ್ನ ಮನೆಯಲ್ಲೇ ಏನು ಮಾಡಬೇಕೆಂದು ತೋಚಲಿಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ಈ ಸಲ ಅವಳು ಯಾರನ್ನೂ ಕರೆಯಬೇಕಾಗಲಿಲ್ಲ. ಬಸಮ್ಮ ಹೋಗಿ ಅವನ ಪಕ್ಕ ಕೂತರು. ನನ್ನ ಯಜಮಾನರು ಅವನನ್ನು ಬೆಳಿಗ್ಗೆ ವಾಕಿಂಗಿಗೆ ಎಬ್ಬಿಸತೊಡಗಿದರು. ಡಾಕ್ಟರಮ್ಮನ ಹತ್ತಿರ ಬರುವುದಿಲ್ಲ ಎಂದು ಹಟ ಹಿಡಿದವನನ್ನು ಅದೇ ಫ್ಯಾಕ್ಟರಿಯಲ್ಲಿ ಕೆಲಸ ಕಳೆದುಕೊಂಡಿದ್ದ ಮಂಟಯ್ಯ, "ನಾನೂ ತೋರಿಸ್ಕೋಬೇಕು, ಜೊತೆಗ್ ಬಾರಪ್ಪ," ಎಂದು ಕರೆದುಕೊಂಡು ಹೋದ. ಚೆಲುವರಾಜು ನಿಧಾನವಾಗಿ ಸರಿಹೋದ. ಮಂಡಕಳ್ಳಿಯ ಕಡೆ ಒಂದು ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಗಂಡಸರಿಗಾಗಿ ಒಂದು ಕೇರಂ ಬೋರ್ಡು ಬೇಕೆಂದು ಡಾಕ್ಟರಮ್ಮನನ್ನು ಕೇಳಿದವನೂ ಅವನೇ.

ಆಮೇಲೆ ಆ ಸೈಟುಗಳಲ್ಲಿ ಮನೆಗಳೆದ್ದವು. ನಾವು ಶಾಲೆಯ ಮೈದಾನಕ್ಕೆ ಹೋದೆವು. ಡಾಕ್ಟರಮ್ಮನಿಗೆ ವರ್ಗವಾಯಿತು. ಈಗಲೂ ಹೊಸದಾಗಿ ಬಾಡಿಗೆಗೆ ಬಂದವರ ಮನೆಯ ಬಾಗಿಲು ಒಂದು ವಾರ ಮುಚ್ಚಿದ್ದರೆ ಸಾಕು, ಪುಟ್ಟಕ್ಕ ಹೋಗಿ ತಟ್ಟುತ್ತಾಳೆ. ಮೊನ್ನೆ ಅವಳು ನೋಯುವ ಮೊಣಕಾಲು ಹಿಡಿದುಕೊಂಡು ಕೂತಿದ್ದಾಗ, ಇನ್ನು ಆಟ ಬಿಡು ಎಂದೆ.

"ಬುಡ್ತೀನಿ ಬುಡ್ತೀನಿ," ಎಂದಳು. "ಮೊದ್ಲು ನನ್ ಜಾಗಕ್ಕೆ ನಿನ್ನ ಸೊಸೇನ ಕಳ್ಸು. ಅವ್ಳ್ ಕೈ ಉದ್ದ ಅದೆ."